ಒಂಬತ್ತು ಅಡಿಯ ಮನೆಗೆ ಬೆಳಕು ಎಲ್ಲಿಂದ ಬರಬೇಕು?

ಪ್ರಶ್ನೆ: ಪುಣೆಯ ಕಸಬಾ ಪೇಠದಲ್ಲಿ ನಮ್ಮ ಮಾವನವರ ಪಾಲಿಗೆ ಬಂದ ಹಳೆಯ ಮನೆಯಿದೆ. ಒಳಗೋಡೆಯಿಂದ ಒಳಗೋಡೆಗೆ ಅಗಲ 9 ಅಡಿ, ಉದ್ದ 46 ಅಡಿ. ಎರಡೂ ಪಕ್ಕದಲ್ಲಿ ನೆರೆಯವರ ಮನೆಗಳು ಅಂಟಿಕೊಂಡಿವೆ. ನಡುವೆ ಆರು ಅಡಿಯಷ್ಟು ಜಾಗ ಆಕಾಶಕ್ಕೆ ತೆರೆದಿದ್ದು, ಅಲ್ಲಿ ಪಾತ್ರೆ ತೊಳೆಯುವ ಕಲ್ಲು ಮತ್ತು ತುಳಸಿಯ ಕುಂಡ ಬಿಟ್ಟರೆ ಬೇರೇನೂ ಇಲ್ಲ. ಅದರ ಮೇಲೆ ಸ್ಲ್ಯಾಬ್ ಹಾಕಿದರೆ ಒಂದು ಕೋಣೆ ಸಿಗುತ್ತದೆ ಎಂದು ಮೇಸ್ತ್ರಿ ಹೇಳುತ್ತಾರೆ. ಹಾಕಿಸಬಹುದೇ?
— ಓದುಗರು, ಪುಣೆ

ಉತ್ತರ: ದಯವಿಟ್ಟು ಹಾಕಿಸಬೇಡಿ. ಒಂದು ಕೋಣೆಯ ಆಸೆಗೆ ಇರುವ ಎರಡು ಕೋಣೆಗಳನ್ನು ಕತ್ತಲೆಗೆ ಒಪ್ಪಿಸಿದಂತಾಗುತ್ತದೆ.

ಪೇಠಗಳ ವಾಡೆಗಳು, ಅಂದರೆ ಅಲ್ಲಿನ ಹಳೆಯ ದೊಡ್ಡ ಮನೆಗಳು, ಅಣ್ಣತಮ್ಮಂದಿರಲ್ಲಿ ಪಾಲಾಗುವಾಗ ಬೀದಿಯ ಕಡೆಯ ಮುಖ ಎಲ್ಲರಿಗೂ ಬೇಕಾಗುತ್ತಿದ್ದುದರಿಂದ, ಎಷ್ಟೋ ಮನೆಗಳು ಉದ್ದಕ್ಕೆ ಸೀಳಿದ ಪಟ್ಟಿಗಳಂತಾದವು. ಆದರೂ ವಾಡೆಯ ಚೌಕವನ್ನು, ಅಂದರೆ ನಮ್ಮ ಕಡೆಯ ತೊಟ್ಟಿಯನ್ನು, ತುಂಡಾಗಿಯಾದರೂ ಹಿರಿಯರು ಉಳಿಸಿಕೊಂಡರು. ಜಪಾನಿನ ಕ್ಯೋಟೋ ನಗರದ ಹಳೆಯ ಅಂಗಡಿಮನೆಗಳೂ ಹೀಗೆಯೇ ಸಪೂರವಾಗಿ ಉದ್ದಕ್ಕಿವೆ. ಅಲ್ಲಿಯವರು ಅವನ್ನು ಹಾವುಮೀನಿನ ಹಾಸಿಗೆ ಎಂದು ತಮಾಷೆ ಮಾಡುತ್ತಾರೆ. ಅವುಗಳ ನಡುವೆಯೂ ಗಾಳಿಬೆಳಕಿಗೆಂದು ಪುಟ್ಟ ಅಂಗಳ ಬಿಟ್ಟಿರುತ್ತಾರೆ.

ನಿಮ್ಮ ಮನೆಯದೇ ಲೆಕ್ಕ ನೋಡೋಣ. ಕಿಟಕಿಯ ಮೇಲಂಚು ನೆಲದಿಂದ 7 ಅಡಿ ಎತ್ತರದಲ್ಲಿದ್ದರೆ, ಓದಲು ಬರೆಯಲು ಸಾಲುವಷ್ಟು ಹಗಲಿನ ಬೆಳಕು ಅದರ ಎರಡರಷ್ಟು, ಹೆಚ್ಚೆಂದರೆ ಎರಡೂವರೆಯಷ್ಟು ದೂರ ಒಳಗೆ ಬರುತ್ತದೆ. ಅಂದರೆ ಮುಂದಿನಿಂದ 14ರಿಂದ 17.5 ಅಡಿ, ಹಿಂದಿನಿಂದ ಅಷ್ಟೇ. ಚೌಕ ಮುಚ್ಚಿದಿರೋ, ನಡುವಿನ ಹನ್ನೊಂದರಿಂದ ಹದಿನೆಂಟು ಅಡಿ ಮಧ್ಯಾಹ್ನವೂ ದೀಪ ಬೇಡುತ್ತದೆ, ಮೇಸ್ತ್ರಿಯವರ ಹೊಸ ಕೋಣೆ ಇರುವುದು ಅಲ್ಲಿಯೇ. ತೆರೆದಿಟ್ಟರೆ ಆಚೆ ಈಚೆಯ ಇಪ್ಪತ್ತು ಅಡಿಯ ಭಾಗಗಳೆರಡಕ್ಕೂ ಎರಡೂ ತುದಿಯಿಂದ ಬೆಳಕು ಬೀಳುತ್ತದೆ. ಜೊತೆಗೆ ಬಿಸಿಗಾಳಿ ಚೌಕದಿಂದ ಮೇಲೇರಿ ಹೋಗಿ, ಬೀದಿಯ ಕಡೆಯಿಂದ ತಂಪುಗಾಳಿಯನ್ನು ಒಳಗೆಳೆಯುತ್ತದೆ. ಅಗಲ ಕಡಿಮೆಯೆಂಬ ಕೊರಗು ಬೇಡ: ರಾಷ್ಟ್ರೀಯ ಕಟ್ಟಡ ಸಂಹಿತೆ ವಾಸದ ಕೋಣೆಗೆ ಕೇಳುವ ಕನಿಷ್ಠ ಅಗಲ 2.4 ಮೀಟರ್, ಎಂಟಡಿಗೂ ತುಸು ಕಡಿಮೆ.

ಮಳೆಯ ಎರಚಲು ತಡೆಯಬೇಕಿದ್ದರೆ ಪಾರದರ್ಶಕ ತಗಡನ್ನು ಗೋಡೆಯ ನೆತ್ತಿಗಿಂತ ಎರಡಡಿ ಎತ್ತರದಲ್ಲಿ ನಿಲ್ಲಿಸಿ, ಸುತ್ತಲ ಸಂದಿಗೆ ಜಾಲರಿ ಮಾತ್ರ ಹಾಕಿಸಿ. ಗೋಡೆಗೆ ಅಂಟಿಸಿ ಮುಚ್ಚಿದರೆ ಏಪ್ರಿಲ್ ತಿಂಗಳಲ್ಲಿ ಮನೆಯೇ ಹಬೆಪಾತ್ರೆಯಾಗುತ್ತದೆ. ಚೌಕದ ಗೋಡೆಗೆ ಬಿಳಿ ಸುಣ್ಣ ಸಾಕು. ಶೀತ ಹಿಡಿದ ಹಳೆಯ ಗೋಡೆಗೆ ಎಣ್ಣೆಬಣ್ಣ ಬಳಿದರೆ ಒಳಗಿನ ತೇವ ಹೊರಬರಲಾರದೆ ಬಣ್ಣ ಹಪ್ಪಳದಂತೆ ಏಳುತ್ತದೆ.

ಇನ್ನೊಂದು ಮಾತು ನೀವು ಕೇಳಿಲ್ಲ, ಆದರೂ ಹೇಳಬೇಕು. ಇಂಥ ಸಾಲುಮನೆಗಳಲ್ಲಿ ನಡುಗೋಡೆ ಇಬ್ಬರದೂ ಆಗಿರಬಹುದು. ನೀವು ಯಾವುದಾದರೂ ಗೋಡೆ ಕೆಡವುವುದಿದ್ದರೆ, ಅದರಲ್ಲಿಯೇ ನೆರೆಯವರ ತೊಲೆಗಳು ಕೂತಿರಬಹುದು. ಪರವಾನಗಿಯುಳ್ಳ ಸ್ಟ್ರಕ್ಚರಲ್ ಎಂಜಿನಿಯರ್ ಬಂದು ನೋಡುವವರೆಗೆ, ಮಹಾನಗರಪಾಲಿಕೆಯ ಅನುಮತಿ ಕೈಸೇರುವವರೆಗೆ ಒಂದು ಇಟ್ಟಿಗೆಯನ್ನೂ ಕೀಳಿಸಬೇಡಿ.

ಪ್ರಶ್ನೆ: ಮುಂಬಯಿಯ ವರಳಿಯ ಚಾಳಿನಲ್ಲಿ 160 ಚದರಡಿಯ ಒಂದೇ ಕೋಣೆಯಲ್ಲಿ ನಾವು ಐವರಿದ್ದೇವೆ. ಒಲೆಯ ಕಡೆಗೆ ಅಟ್ಟ ಹಾಕಿಸಿದ್ದು, ಮಗ ಅಲ್ಲಿ ಮಲಗುತ್ತಾನೆ. ಮಳೆಗಾಲದಲ್ಲಿ ಕಿಟಕಿ ಮುಚ್ಚಿರುವಾಗ ಬೆಳಿಗ್ಗೆ ತಲೆನೋವೆನ್ನುತ್ತಾನೆ. ಅಟ್ಟ ತೆಗೆಸಬೇಕೇ?
— ಓದುಗರು, ಮುಂಬಯಿ

ಉತ್ತರ: 1920ರ ದಶಕದ ಬಿಡಿಡಿ (ಬಾಂಬೆ ಡೆವಲಪ್‌ಮೆಂಟ್ ಡಿಪಾರ್ಟ್‌ಮೆಂಟ್) ಚಾಳುಗಳ ಕೋಣೆಗಳ ಅಳತೆಯೂ ನಿಮ್ಮದರಷ್ಟೇ. ಅಟ್ಟವಿಲ್ಲದೆ ಅಲ್ಲಿ ಐವರು ಕಾಲು ಚಾಚುವುದು ಹೇಗೆಂದು ನನಗೂ ತೋಚುವುದಿಲ್ಲವಾದ್ದರಿಂದ, ತೆಗೆಸಿ ಎನ್ನಲಾರೆ. ಆದರೆ ನಸುಕಿನಲ್ಲಿ ಹೊತ್ತಿಸಿದ ಒಲೆಯ ಬಿಸಿ, ಹೊಗೆ, ಹಬೆ ಎಲ್ಲವೂ ಮೇಲೇರಿ ಹುಡುಗನ ತಲೆಯ ಬಳಿಯೇ ನಿಲ್ಲುತ್ತವೆ. ಅಟ್ಟದ ಮುಂಬದಿಗೆ ಹಲಗೆ ಹೊಡೆದಿದ್ದರೆ ಬಿಚ್ಚಿಸಿ. ಒಲೆಯ ಮೇಲಿನ ಹೊರಗೋಡೆಗೆ ಎಕ್ಸಾಸ್ಟ್ ಫ್ಯಾನ್ ಕೂರಿಸಿ. ಗ್ಯಾಲರಿಯ ಬಾಗಿಲ ಮೇಲಿನ ಗವಾಕ್ಷಿಯನ್ನು ಮಳೆಯಿದ್ದರೂ ತೆರೆದಿಡಿ. ಒಲೆ ಹೊತ್ತಿಸುವ ಮೊದಲು ಮಗನನ್ನು ಎಬ್ಬಿಸಿಬಿಡುವುದು ಇವತ್ತೇ ಮಾಡಬಹುದಾದ ಕೆಲಸ. ತಲೆನೋವು ಆಮೇಲೂ ಉಳಿದರೆ ವೈದ್ಯರಿಗೆ ತೋರಿಸಿ.

ಸಿಲಿಂಡರಿನ ಅನಿಲದ ಸ್ವಭಾವ ಇದಕ್ಕೆ ತದ್ವಿರುದ್ಧ: ಅದು ಗಾಳಿಗಿಂತ ಭಾರವಾದುದರಿಂದ ಸೋರಿದರೆ ನೆಲದ ಮೇಲೆ ಹರಡಿಕೊಳ್ಳುತ್ತದೆ. ಅಟ್ಟದಲ್ಲಿದ್ದವರಿಗೆ ವಾಸನೆ ತಡವಾಗಿ ತಿಳಿಯಬಹುದು. ಆದ್ದರಿಂದ ಬಾಗಿಲಡಿಯ ಸಂದಿಯನ್ನು ಗೋಣಿತಾಟಿನಿಂದ ಮುಚ್ಚಬೇಡಿ, ರಾತ್ರಿ ರೆಗ್ಯುಲೇಟರ್ ಆರಿಸಿಯೇ ಮಲಗಿ.

ಪ್ರಶ್ನೆ: ಆಮ್‌ಸ್ಟರ್‌ಡ್ಯಾಮಿನ ಸಪೂರ ಮನೆಗಳ ನೆತ್ತಿಯಲ್ಲಿ ಕಾಣುವ ಕಬ್ಬಿಣದ ಕೊಕ್ಕೆ ಏತಕ್ಕೆ?
— ಓದುಗರು, ವಾಸ್ಕೋ, ಗೋವಾ

ಉತ್ತರ: ಸಾಮಾನು ಏರಿಸಲು. ಕಾಲುವೆಯ ದಡದ ಆ ಮನೆಗಳ ಮೆಟ್ಟಿಲು ಏಣಿಯಷ್ಟು ಕಡಿದು. ಕಪಾಟು, ಮಂಚಗಳನ್ನು ಹಗ್ಗ ಮತ್ತು ರಾಟೆ ಕಟ್ಟಿ ಹೊರಗಿನಿಂದಲೇ ಎಳೆದು ಕಿಟಕಿಯಲ್ಲಿ ಒಳಗೆ ತೆಗೆದುಕೊಳ್ಳುತ್ತಾರೆ. ಮೇಲಿನ ಪುಣೆಯ ಓದುಗರೂ ಇದನ್ನು ಗಮನಿಸಬೇಕು: ಮಹಡಿಗೆ ಹೊಸ ಮಂಚ ಕೊಳ್ಳುವುದಾದರೆ ಬಿಚ್ಚಿ ಜೋಡಿಸುವಂಥದ್ದನ್ನೇ ಕೊಳ್ಳಿ, ಅಂಗಡಿಗೆ ಹೋಗುವಾಗ ಮೆಟ್ಟಿಲ ತಿರುವಿನ ಅಳತೆಯನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ.