ಎಣ್ಣೆ ತೊಟ್ಟಿಕ್ಕುವುದು ಕೆಳಗೆ, ಸೋರುವುದು ಮೇಲೆ

ಪ್ರಶ್ನೆ: ನನ್ನ ಪೆಟ್ರೋಲ್ ಕಾರಿಗೆ ಹದಿನೆಂಟು ವರ್ಷ. ಓಡಿರುವುದು 1,40,000 ಕಿ.ಮೀ. ರಾತ್ರಿ ನಿಲ್ಲಿಸಿದ ಜಾಗದಲ್ಲಿ ಬೆಳಿಗ್ಗೆ ಅಂಗೈಯಗಲ ಎಣ್ಣೆ ಕಲೆ ಕಾಣುತ್ತದೆ. ಗ್ಯಾರೇಜಿನಲ್ಲಿ ಆಯಿಲ್ ಚೇಂಬರ್ (ಎಣ್ಣೆ ನಿಲ್ಲುವ ತೊಟ್ಟಿ) ಪ್ಯಾಕಿಂಗ್ ಬದಲಿಸಿದರು, ಮೂರೇ ವಾರದಲ್ಲಿ ಮತ್ತೆ ಶುರುವಾಯಿತು. ಈಗ ಇಂಜಿನ್ನಿನ ಮುಖ್ಯ ಶಾಫ್ಟಾದ ಕ್ರ್ಯಾಂಕ್‌ನ ಹಿಂದಿನ ಸೀಲ್ ಹೋಗಿದೆ, ಗೇರ್‌ಬಾಕ್ಸ್ ಇಳಿಸಬೇಕು ಎನ್ನುತ್ತಿದ್ದಾರೆ. ಇಳಿಸಲು ಒಪ್ಪಲೇ?

ಉತ್ತರ: ಈಗಲೇ ಒಪ್ಪಬೇಡಿ. ಚೇಂಬರ್ ಇಂಜಿನ್ನಿನ ತಳದಲ್ಲಿದೆ. ಮೇಲೆ ಎಲ್ಲೇ ಸೋರಿದರೂ ಎಣ್ಣೆ ಬ್ಲಾಕಿನ ಗೋಡೆ ಹಿಡಿದು ಇಳಿದು, ಚೇಂಬರಿನ ಅಂಚಿನಲ್ಲಿ ಹನಿಗಟ್ಟುತ್ತದೆ. ಕಾರು ಓಡುವಾಗ ಗಾಳಿ ಅದನ್ನು ಹಿಂದಕ್ಕೂ ತಳ್ಳುತ್ತದೆ. ಹಾಗಾಗಿ ಹನಿ ಬೀಳುವ ಜಾಗ ನೋಡಿ ಪ್ಯಾಕಿಂಗ್ ಬದಲಿಸುವುದು ಬಹಳ ಸಲ ವ್ಯರ್ಥ. ಒದ್ದೆಯಾಗಿರುವ ಭಾಗಗಳಲ್ಲಿ ಎಲ್ಲಕ್ಕಿಂತ ಮೇಲಿರುವುದು ಯಾವುದು, ಅದನ್ನು ಹುಡುಕಿ.

ಮೊದಲು ಅದು ಇಂಜಿನ್ ಆಯಿಲ್ ಹೌದೇ ಎಂದು ನೋಡಿಕೊಳ್ಳಿ. ರಾತ್ರಿ ಕಾರಿನಡಿ ಬಿಳಿ ರಟ್ಟು ಹಾಸಿಡಿ. ಕಂದು ಅಥವಾ ಕಪ್ಪು ಬಣ್ಣ, ಬೆರಳಿಗೆ ಜಿಡ್ಡು ಎಂದರೆ ಹೆಚ್ಚಾಗಿ ಇಂಜಿನ್ ಆಯಿಲ್. ಗಂಧಕದಂಥ ಕಟುವಾಸನೆ ಇದ್ದರೆ ಗೇರ್ ಆಯಿಲ್ ಇರಬಹುದು. ಕೆಂಪಗಿದ್ದರೆ ಪವರ್ ಸ್ಟೀರಿಂಗ್ ಅಥವಾ ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ದ್ರವವನ್ನು ಅನುಮಾನಿಸಿ.

ನಂತರ ತೊಳೆಯುವ ಕೆಲಸ. ಹಳೆ ಜಿಡ್ಡಿನ ಮೇಲೆ ಹೊಸ ಸೋರಿಕೆ ಹುಡುಕುವುದು ಆಗದ ಮಾತು. ಇಂಜಿನ್ ತಣ್ಣಗಿರುವಾಗ ಆಲ್ಟರ್ನೇಟರ್, ಇಗ್ನಿಷನ್ ಕಾಯಿಲ್, ಗಾಳಿ ಎಳೆಯುವ ಬಾಯಿ ಇವಕ್ಕೆ ಪ್ಲಾಸ್ಟಿಕ್ ಚೀಲ ಕಟ್ಟಿ. ಜಿಡ್ಡು ಕರಗಿಸುವ ಡಿಗ್ರೀಸರ್ ಹಾಕಿ ಹತ್ತು ನಿಮಿಷ ಬಿಟ್ಟು, ಬ್ರಷ್‌ನಿಂದ ಉಜ್ಜಿ, ಸಾಧಾರಣ ನೀರಿನಲ್ಲಿ ತೊಳೆಯಿರಿ. ಪ್ರೆಷರ್ ವಾಷರ್ ಬೇಡ, ಕನೆಕ್ಟರುಗಳೊಳಗೆ ನೀರು ನುಗ್ಗಿದರೆ ಇಲ್ಲದ ತೊಂದರೆ ಹುಟ್ಟುತ್ತದೆ. ಒಣಗಿದ ಮೇಲೆ ಅನುಮಾನವಿರುವ ಕೂಡುಗಳ ಮೇಲೆ ಟಾಲ್ಕಂ ಪೌಡರ್ ಉದುರಿಸಿ, ಹದಿನೈದು ನಿಮಿಷ ಓಡಿಸಿ ಬಂದು ಟಾರ್ಚ್ ಹಿಡಿದು ನೋಡಿ. ಪೌಡರಿನಲ್ಲಿ ಕಪ್ಪು ಗೆರೆ ಎಲ್ಲಿಂದ ಶುರುವಾಗಿದೆಯೋ ಅಲ್ಲೇ ಕಳ್ಳ ಇದ್ದಾನೆ. ಏನೂ ಕಾಣದಿದ್ದರೆ 30–40 ಕಿ.ಮೀ. ಓಡಿಸಿ ಮತ್ತೆ ನೋಡಿ. ಎಣ್ಣೆ ಚೆನ್ನಾಗಿ ಕಾದು ತೆಳುವಾದ ಮೇಲಷ್ಟೇ ಸೋರುವ ಜಾಗಗಳಿವೆ. ನಿಂತಲ್ಲೇ ಐಡಲಿಂಗ್ ಬಿಟ್ಟರೆ ಅವು ಬಾಯಿ ಬಿಡುವುದಿಲ್ಲ. ಆಗಲೂ ಸಿಗದಿದ್ದರೆ ಆಯಿಲ್‌ಗೆ ಯುವಿ ಡೈ ಬೆರೆಸಿ ಯುವಿ ಟಾರ್ಚಿನಲ್ಲಿ ನೋಡಿದರೆ ಸೋರಿದ ದಾರಿ ಹಳದಿ-ಹಸಿರಾಗಿ ಹೊಳೆಯುತ್ತದೆ. ಕಾರಿನಡಿ ಹೋಗುವ ಮುನ್ನ ಸ್ಟ್ಯಾಂಡ್ ಕೊಡಿ, ಬರೀ ಜ್ಯಾಕ್ ನಂಬಿ ತಲೆ ತೂರಿಸಬೇಡಿ.

ಮೇಲಿನಿಂದ ಕೆಳಕ್ಕೆ ಹುಡುಕುವಾಗ ಮೊದಲು ಟ್ಯಾಪೆಟ್ ಕವರ್ (ಇಂಜಿನ್ನಿನ ನೆತ್ತಿಯ ಮುಚ್ಚಳ) ಪ್ಯಾಕಿಂಗ್, ಅದರಲ್ಲೂ ಕಣ್ಣಿಗೆ ಬೀಳದ ಹಿಂದಿನ ಅಂಚು. ಅಲ್ಲಿಂದ ಇಳಿದ ಎಣ್ಣೆ ನೇರ ಇಂಜಿನ್–ಗೇರ್‌ಬಾಕ್ಸ್ ಕೂಡುವ ಕಡೆ ಸೇರುವುದುಂಟು, ನೋಡಿದವರು ಹಿಂದಿನ ಸೀಲ್ ಹೋಗಿದೆ ಎಂದುಬಿಡುತ್ತಾರೆ. ಡಿಸ್ಟ್ರಿಬ್ಯೂಟರ್ (ಸ್ಪಾರ್ಕ್ ಪ್ಲಗ್ಗುಗಳಿಗೆ ಕರೆಂಟ್ ಹಂಚುವ ಭಾಗ) ಇರುವ ಇಂಜಿನ್ನಿನಲ್ಲಿ ಅದರ ಓ-ರಿಂಗ್ ಗಟ್ಟಿಯಾಗಿ ಸೋರುತ್ತದೆ. ಆಯಿಲ್ ಪ್ರೆಷರ್ ಸ್ವಿಚ್ಚಿನ ವೈರ್ ಕಿತ್ತು ನೋಡಿ: ಟರ್ಮಿನಲ್ಲಿನ ಬಳಿ ಎಣ್ಣೆ ಇದ್ದರೆ ಸ್ವಿಚ್ಚನ್ನೇ ಬದಲಿಸಿ. ಒಂದೇ ವೈರಿನ ಸ್ವಿಚ್ಚಿಗೆ ಥ್ರೆಡ್ ಮೂಲಕವೇ ಅರ್ಥ್ ಸಿಗುವುದರಿಂದ ಅದಕ್ಕೆ ಟೆಫ್ಲಾನ್ ಟೇಪ್ ಸುತ್ತಬೇಡಿ. ಫಿಲ್ಟರ್ ಬದಲಿಸಿದ ಕೂಡಲೇ ಸೋರಿಕೆ ಶುರುವಾಗಿದ್ದರೆ ಹಳೆ ಫಿಲ್ಟರಿನ ರಬ್ಬರ್ ರಿಂಗ್ ಬ್ಲಾಕಿಗೇ ಅಂಟಿಕೊಂಡಿದೆಯೇ ನೋಡಿ. ಎರಡು ರಿಂಗ್ ಒಂದರ ಮೇಲೊಂದು ಕೂತರೆ ಎಣ್ಣೆ ಒಮ್ಮೆಲೇ ಚಿಮ್ಮೀತು. ಡ್ರೈನ್ ಬೋಲ್ಟಿಗೆ ಪ್ರತಿ ಸಲವೂ ಹೊಸ ವಾಷರ್ ಹಾಕಬೇಕು.

ಇಷ್ಟಾದರೂ ಬಹಳ ಮಂದಿ ಮರೆಯುವುದು ಬ್ರೀದರ್, ಅಂದರೆ ಇಂಜಿನ್ ಒಳಗಿನ ಅನಿಲ ಹೊರಹೋಗುವ ದಾರಿ. ಪಿಸ್ಟನ್ ರಿಂಗುಗಳ ಸಂದಿಯಿಂದ ಚೇಂಬರಿಗೆ ಇಳಿಯುವ ಅನಿಲ ಪಿಸಿವಿ ವಾಲ್ವ್ (ಆ ದಾರಿಯ ಕವಾಟ) ಮೂಲಕ ಇನ್‌ಟೇಕಿಗೆ ಹೋಗಬೇಕು. ವಾಲ್ವೋ ಪೈಪೋ ಮಸಿಯಿಂದ ಕಟ್ಟಿಕೊಂಡರೆ ಒಳಗೆ ಒತ್ತಡ ಏರಿ, ಎಣ್ಣೆ ದುರ್ಬಲವಾದ ಸೀಲಿನಿಂದ ಹೊರಬರುತ್ತದೆ. ಒಂದು ಸೀಲ್ ಬದಲಿಸಿದರೆ ಇನ್ನೊಂದು ಸೋರುತ್ತದೆ. ನಿಮ್ಮದು ಮೂರೇ ವಾರದಲ್ಲಿ ಮರುಕಳಿಸಿದ್ದರಿಂದ ನನ್ನ ಮೊದಲ ಅನುಮಾನ ಇದರ ಮೇಲೆಯೇ. ವಾಲ್ವ್ ಕಿತ್ತು ಅಲುಗಾಡಿಸಿ, ಕಟಕಟ ಸದ್ದು ಬರಬೇಕು. ಐಡಲಿಂಗಿನಲ್ಲಿ ಅದರ ಬಾಯಿಗೆ ಬೆರಳಿಟ್ಟರೆ ಎಳೆತ ತಿಳಿಯಬೇಕು. ಆಯಿಲ್ ಹಾಕುವ ಮುಚ್ಚಳ ಬಿಚ್ಚಿ ಸುಮ್ಮನೆ ಬಾಯಿ ಮೇಲಿಡಿ; ಅದು ಕುಣಿದು ಹೊಗೆ ಬುಸುಗುಟ್ಟಿದರೆ ಒತ್ತಡ ಹೆಚ್ಚಿದೆ. ವಾಲ್ವ್, ಪೈಪ್ ಹೊಸದಾದರೂ ಹಾಗೆಯೇ ಇದ್ದರೆ ರಿಂಗ್ ಸವೆದಿರಬಹುದು, ಕಂಪ್ರೆಷನ್ ಪರೀಕ್ಷೆ ಮಾಡಿಸಿ.

ಮೇಲೆಲ್ಲ ಒಣಗಿದ್ದು, ಬೆಲ್ ಹೌಸಿಂಗಿನ (ಇಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವೆ ಕ್ಲಚ್ ಇರುವ ಗೂಡು) ತಳದ ತೂತಿನಿಂದ ಮಾತ್ರ ಇಂಜಿನ್ ಆಯಿಲ್ ಹನಿಯುತ್ತಿದ್ದರೆ ಆಗ ಗೇರ್‌ಬಾಕ್ಸ್ ಇಳಿಸಿ. ಇಳಿಸಿದ ಮೇಲೆ ಕ್ಲಚ್ ಪ್ಲೇಟಿಗೆ ಎಣ್ಣೆ ಹಿಡಿದಿದೆಯೇ ನೋಡಿ, ಹಿಡಿದಿದ್ದರೆ ಬದಲಿಸಿ. ಹಳೆ ಸೀಲ್ ಕೂತಿದ್ದಲ್ಲಿ ಶಾಫ್ಟಿನ ಮೇಲೆ ಉಗುರಿಗೆ ತಟ್ಟುವಷ್ಟು ಗೆರೆ ಬಿದ್ದಿದ್ದರೆ ಹೊಸ ಸೀಲೂ ಸೋರುತ್ತದೆ. ಜಾಗವಿದ್ದರೆ ಸೀಲನ್ನು ಒಂದೆರಡು ಮಿ.ಮೀ. ಸರಿಸಿ ಕೂರಿಸಬೇಕು, ಇಲ್ಲವೇ ಶಾಫ್ಟಿಗೆ ರಿಪೇರಿ ಸ್ಲೀವ್ ಹಾಕಬೇಕು. ರಬ್ಬರ್ ತುಟಿಗೆ ಎಣ್ಣೆ ಸವರಿ ಹಾಕಿ. ಟೆಫ್ಲಾನ್ ತುಟಿಯ ಸೀಲನ್ನು ಸಾಮಾನ್ಯವಾಗಿ ಒಣಗಿದ್ದಂತೆಯೇ ಹಾಕುತ್ತಾರೆ.

ಪ್ರಶ್ನೆ: ಟ್ಯಾಪೆಟ್ ಕವರ್ ಪ್ಯಾಕಿಂಗ್ ನಾನೇ ಬದಲಿಸಿದೆ, ಬೋಲ್ಟ್ ಚೆನ್ನಾಗಿ ಬಿಗಿದೆ. ಮೊದಲಿಗಿಂತ ಹೆಚ್ಚು ಸೋರುತ್ತಿದೆ!

ಉತ್ತರ: ಬಿಗಿದದ್ದೇ ತಪ್ಪಾಯಿತು. ತಗಡಿನ ಕವರಾದರೆ ಬೋಲ್ಟ್ ತೂತಿನ ಸುತ್ತ ತಗ್ಗಾಗಿ, ನಡುವೆ ಉಬ್ಬಿ, ಪ್ಯಾಕಿಂಗ್ ಕೂರುವುದಿಲ್ಲ. ಕವರನ್ನು ಗಾಜಿನ ಮೇಲಿಟ್ಟು ನೋಡಿ, ಡೊಂಕಿದ್ದರೆ ಮರದ ತುಂಡು ಕೊಟ್ಟು ತಟ್ಟಿ ಸಮ ಮಾಡಿ. ಅಲ್ಯೂಮಿನಿಯಂ ಹೆಡ್ಡಿನ ಮೇಲಿನ ಹಳೆ ಅಂಟನ್ನು ಪ್ಲಾಸ್ಟಿಕ್ ಪಟ್ಟಿಯಿಂದ ಕೆರೆಯಿರಿ, ಬ್ಲೇಡ್ ಗೀರು ಬಿದ್ದರೆ ಅದೇ ಸೋರುವ ದಾರಿ. ರಬ್ಬರ್ ಪ್ಯಾಕಿಂಗನ್ನು ಒಣಗಿದ್ದಂತೆ ಹಾಕಿ. ಅರ್ಧಚಂದ್ರ ಪ್ಲಗ್ (ಹೆಡ್ಡಿನ ತುದಿಯ ರಬ್ಬರ್ ಬಿರಡೆ) ಮತ್ತು ಕ್ಯಾಮ್ ಕ್ಯಾಪ್ (ಕ್ಯಾಮ್ ಶಾಫ್ಟನ್ನು ಹಿಡಿದಿಡುವ ಪಟ್ಟಿ) ಹೆಡ್ಡಿಗೆ ಕೂಡುವ ಮೂಲೆಗಳಲ್ಲಿ ಮಾತ್ರ ಕಡಲೆಬೇಳೆಯಷ್ಟು ಸಿಲಿಕಾನ್ ಸೀಲಂಟ್ ಸಾಕು. ಹೆಚ್ಚು ಬಳಿದರೆ ಒಳಗೆ ಉದುರಿ ಆಯಿಲ್ ಪಂಪಿನ ಜಾಲರಿ ಕಟ್ಟಿ ಇಂಜಿನ್ನೇ ಹೋದೀತು. ನಡುವಿನಿಂದ ಹೊರಕ್ಕೆ, ಎರಡು ಸುತ್ತಿನಲ್ಲಿ ಬಿಗಿಯಿರಿ. ಬಹಳಷ್ಟು ಚಿಕ್ಕ ಇಂಜಿನ್ನುಗಳಿಗೆ 8–10 ಎನ್‌ಎಂ (ನ್ಯೂಟನ್-ಮೀಟರ್, ಬಿಗಿತದ ಅಳತೆ) ಸಾಕು, ನಿಮ್ಮದಕ್ಕೆ ಎಷ್ಟೆಂದು ಮ್ಯಾನ್ಯುಯಲ್ ನೋಡಿ. ಬೋಲ್ಟ್‌ಗಳ ರಬ್ಬರ್ ವಾಷರನ್ನೂ ಬದಲಿಸಿ. ಸೀಲಂಟ್ ಪೂರ್ತಿ ಗಟ್ಟಿಯಾಗಲು ಸುಮಾರು ಒಂದು ದಿನ ಬಿಡಿ.

ಪ್ರಶ್ನೆ: ಸೋರಿಕೆ ನಿಲ್ಲಿಸುವ ಬಾಟಲಿ ಔಷಧ ಹಾಕಬಹುದೇ? ಹೀಗೇ ಓಡಿಸುತ್ತಿದ್ದರೆ ಏನಾಗುತ್ತದೆ?

ಉತ್ತರ: ಅದು ರಬ್ಬರನ್ನು ಮೆದುಗೊಳಿಸಿ ಸ್ವಲ್ಪ ಉಬ್ಬಿಸುತ್ತದೆ, ಅಷ್ಟೇ. ಗಟ್ಟಿಯಾದ ಸೀಲಿನ ಸಣ್ಣ ಜಿನುಗಿಗೆ ಕೆಲ ತಿಂಗಳು ನೆರವಾದೀತು. ಹರಿದ ಸೀಲಿಗೆ, ಒಡೆದ ಪ್ಯಾಕಿಂಗಿಗೆ, ಗೆರೆ ಬಿದ್ದ ಶಾಫ್ಟಿಗೆ ಪ್ರಯೋಜನವಿಲ್ಲ.

ಓಡಿಸುವುದಾದರೆ 500 ಕಿ.ಮೀ.ಗೊಮ್ಮೆ ಸಮತಟ್ಟಾದ ಜಾಗದಲ್ಲಿ ಡಿಪ್‌ಸ್ಟಿಕ್ ನೋಡಿ ಬರೆದಿಡಿ. ಬಹುಪಾಲು ಕಾರುಗಳಲ್ಲಿ ಕನಿಷ್ಠ–ಗರಿಷ್ಠ ಗುರುತುಗಳ ಅಂತರ ಸುಮಾರು 1 ಲೀಟರ್. ಹೊರಗೆ ಜಿನುಗಿ ಒದ್ದೆಯಾಗಿದ್ದು ಹನಿ ಬೀಳದಿದ್ದರೆ ಅವಸರವಿಲ್ಲ. ಆದರೆ ಎಣ್ಣೆ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಮೇಲೆ ಬಿದ್ದು ಸುಟ್ಟ ವಾಸನೆ ಬರುತ್ತಿದ್ದರೆ ಬೆಂಕಿಯ ಅಪಾಯವಿದೆ, ಅಂದೇ ನಿಲ್ಲಿಸಿ. ಕ್ಯಾಮ್ ಅಥವಾ ಮುಂದಿನ ಕ್ರ್ಯಾಂಕ್ ಸೀಲಿನ ಎಣ್ಣೆ ಟೈಮಿಂಗ್ ಬೆಲ್ಟಿಗೆ ತಾಗುತ್ತಿದ್ದರೂ ತಡ ಮಾಡಬೇಡಿ. ಬೆಲ್ಟ್ ಹಾಳಾಗಿ ತುಂಡಾದರೆ ಹಲವು ಇಂಜಿನ್ನುಗಳಲ್ಲಿ ವಾಲ್ವ್ ಪಿಸ್ಟನ್ನಿಗೆ ಬಡಿದು ಬಾಗುತ್ತದೆ. ಸೀಲ್ ಬದಲಿಸುವಾಗಲೇ ಬೆಲ್ಟನ್ನೂ ಬದಲಿಸಿ. ಆಯಿಲ್ ಪ್ರೆಷರ್ ದೀಪ ಓಡುವಾಗ ಹತ್ತಿದರೆ ಪಕ್ಕಕ್ಕೆ ನಿಲ್ಲಿಸಿ ಇಂಜಿನ್ ಆರಿಸಿ. ಗ್ಯಾರೇಜ್ ಹತ್ತಿರವೇ ಇದ್ದರೂ ಓಡಿಸಬೇಡಿ, ಎಳೆಸಿಕೊಂಡು ಹೋಗಿ.