ಶಾಲೆಯ ಕಾರ್ಬನ್ ಫುಟ್‌ಪ್ರಿಂಟ್ ಲೆಕ್ಕ ಹಾಕುವುದು ಹೇಗೆ, ಎಲ್ಲಿಂದ ತಗ್ಗಿಸುವುದು?

ನಿಮ್ಮದು ಸುಮಾರು 600 ಮಕ್ಕಳ ಶಾಲೆ, ಎರಡು ಬಸ್ಸು, ಒಂದು ಜನರೇಟರ್ ಇದೆ, ಕಾಗದ ಉಳಿಸುವುದು ಮತ್ತು ಗಿಡ ನೆಡುವುದು ಶುರುವಾಗಿದೆ, ಮುಂದೇನು ಎಂದು ಕೇಳಿದ್ದೀರಿ. ಮುಂದಿನದ್ದು ಅಳತೆ: ಶಾಲೆ ನಡೆಸುವುದರಿಂದ ವರ್ಷಕ್ಕೆ ಒಟ್ಟು ಎಷ್ಟು ಹಸಿರುಮನೆ ಅನಿಲ ಹೊಮ್ಮುತ್ತದೆ ಎಂಬ ಲೆಕ್ಕ, ಅದೇ ಕಾರ್ಬನ್ ಫುಟ್‌ಪ್ರಿಂಟ್. ಒಂದು ರೀಮ್ ಎ4 ಕಾಗದ ಎರಡೂವರೆ ಕಿಲೋ ತೂಗುತ್ತದೆ. ಅದರ ತಯಾರಿಕೆಯಲ್ಲಿ ಹೊಮ್ಮುವ ಇಂಗಾಲದ ಡೈಆಕ್ಸೈಡ್ ಹೆಚ್ಚುಕಡಿಮೆ ಒಂದು ಲೀಟರ್ ಡೀಸೆಲ್ ಸುಟ್ಟಷ್ಟು. ಬಸ್ಸು ಅಷ್ಟನ್ನು ನಾಲ್ಕೈದು ಕಿಲೋಮೀಟರ್ ಓಡುವಷ್ಟರಲ್ಲೇ ಉಗುಳುತ್ತದೆ. ಕಾಗದ ಉಳಿಸುವುದು ಬೇಡ ಎನ್ನುತ್ತಿಲ್ಲ, ಶ್ರಮ ಎಲ್ಲಿ ಹಾಕಬೇಕು ಎಂಬುದು ಅಳೆಯದೆ ತಿಳಿಯುವುದಿಲ್ಲ ಎನ್ನುತ್ತಿದ್ದೇನೆ.

ಹನ್ನೆರಡು ತಿಂಗಳ ಅವಧಿಯೊಂದನ್ನು ಗೊತ್ತು ಮಾಡಿಕೊಳ್ಳಿ. ಶೈಕ್ಷಣಿಕ ವರ್ಷವಾದರೂ ಸರಿ, ಜನವರಿಯಿಂದ ಡಿಸೆಂಬರ್ ಆದರೂ ಸರಿ, ಆಮೇಲೆ ಬದಲಾಯಿಸಬೇಡಿ. ಹಸಿರುಮನೆ ಅನಿಲಗಳ ಲೆಕ್ಕಕ್ಕೆ ಜಗತ್ತಿನಾದ್ಯಂತ ಬಳಸುವ ನಿಯಮಾವಳಿಯಾದ ಜಿಎಚ್‌ಜಿ ಪ್ರೋಟೊಕಾಲ್ ಲೆಕ್ಕವನ್ನು ಮೂರು ಭಾಗ ಮಾಡುತ್ತದೆ: ಶಾಲೆಯೇ ಸುಡುವ ಇಂಧನ ಮತ್ತು ಎಸಿ, ಫ್ರಿಜ್‌ಗಳಿಂದ ಸೋರುವ ಅನಿಲ ಒಂದನೆಯದು, ಕೊಂಡ ವಿದ್ಯುತ್ ಎರಡನೆಯದು, ಮಕ್ಕಳ ಓಡಾಟ, ಕಾಗದದಂಥ ಉಳಿದದ್ದೆಲ್ಲ ಮೂರನೆಯದು. ಬಸ್ಸು ಶಾಲೆಯದ್ದೇ ಆದರೆ ಒಂದನೆಯದಕ್ಕೆ, ಗುತ್ತಿಗೆಯದಾದರೆ ಸಾಮಾನ್ಯವಾಗಿ ಮೂರನೆಯದಕ್ಕೆ ಸೇರುತ್ತದೆ.

ಬಿಲ್ಲಿನಿಂದ ಹಣದ ಮೊತ್ತ ಬರೆದುಕೊಳ್ಳಬೇಡಿ. ದರ ಏರಿದರೆ ಮಾಲಿನ್ಯವೂ ಏರಿದಂತೆ ಕಾಣುತ್ತದೆ. ಲೀಟರ್, ಕಿಲೋ, ಯೂನಿಟ್ ಮಾತ್ರ ಬರೆಯಿರಿ. ಪ್ರತಿಯೊಂದನ್ನೂ ಅದರದರ ಅಂಕಿಯಿಂದ ಗುಣಿಸಿ ಕೂಡಿದರೆ ಒಟ್ಟು ಮೊತ್ತ ಸಿಗುತ್ತದೆ. ಡೀಸೆಲ್ ಲೀಟರಿಗೆ ಸುಮಾರು 2.7 ಕಿಲೋ, ಪೆಟ್ರೋಲ್ ಲೀಟರಿಗೆ 2.3, ಅಡುಗೆಯ ಎಲ್‌ಪಿಜಿ ಕಿಲೋಗೆ ಸುಮಾರು 3 ಕಿಲೋ ಇಂಗಾಲದ ಡೈಆಕ್ಸೈಡ್. ಇವು ಎಲ್ಲ ಕಡೆಯೂ ಹೆಚ್ಚುಕಡಿಮೆ ಒಂದೇ. ವಿದ್ಯುತ್ತಿನದು ಹಾಗಲ್ಲ. ಕಲ್ಲಿದ್ದಲಿನ ವಿದ್ಯುತ್ತಾದರೆ ಯೂನಿಟಿಗೆ ಒಂದು ಕಿಲೋ ಹತ್ತಿರ ಹೋಗುತ್ತದೆ, ಜಲವಿದ್ಯುತ್ತೇ ಹೆಚ್ಚಿದ್ದರೆ ತೀರ ಕಡಿಮೆ. ಇಂಟರ್‌ನೆಟ್ಟಿನ ಯಾವುದೋ ಕ್ಯಾಲ್ಕುಲೇಟರಿನ ಅಂಕಿ ಬಿಟ್ಟು, ನಿಮ್ಮ ವಿದ್ಯುತ್ ಜಾಲಕ್ಕೆ ಸರ್ಕಾರ ಪ್ರಕಟಿಸುವ ಆ ವರ್ಷದ ಅಂಕಿಯನ್ನೇ ಬಳಸಿ.

ಇಲ್ಲಿ ಬಹಳ ಮಂದಿ ಎಡವುವ ಜಾಗ ಒಂದಿದೆ. ದೊಡ್ಡ ಸಂಪರ್ಕಗಳಲ್ಲಿ ಮೀಟರಿನ ರೀಡಿಂಗ್ ನೇರ ಯೂನಿಟ್ ಅಲ್ಲ, ಬಿಲ್ಲಿನಲ್ಲಿ ನಮೂದಿಸಿರುವ ಗುಣಕದಿಂದ ಗುಣಿಸಬೇಕು. ಗುಣಕ 20 ಇದ್ದು ನೀವು ಮರೆತರೆ ಶಾಲೆಯ ವಿದ್ಯುತ್ ಇಪ್ಪತ್ತನೇ ಒಂದು ಭಾಗಕ್ಕೆ ಇಳಿದುಬಿಡುತ್ತದೆ! ಬಿಲ್ಲಿನಲ್ಲಿ ಕೆವಿಎಎಚ್ ಮತ್ತು ಕೆಡಬ್ಲ್ಯೂಎಚ್ ಎರಡೂ ಇದ್ದರೆ ಎರಡನೆಯದನ್ನು ತೆಗೆದುಕೊಳ್ಳಿ, ಇಲ್ಲಿ ಯೂನಿಟ್ ಎನ್ನುವುದು ಅದನ್ನೇ. ಜನರೇಟರಿಗೆ ಓಡಿದ ಗಂಟೆ ಸಾಲದು, ತುಂಬಿಸಿದ ಡೀಸೆಲ್ ಬೇಕು.

ಎಸಿ ಇದ್ದರೆ ಅನಿಲ ಮರುತುಂಬಿದ ರಸೀದಿಗಳನ್ನು ಹುಡುಕಿ. ಎಸಿಗಳಲ್ಲಿ ತಂಪು ಮಾಡಲು ಬಳಸುವ ಆರ್-410ಎ ಎಂಬ ಅನಿಲ ಒಂದು ಕಿಲೋ ಸೋರಿದರೆ ಸುಮಾರು 2,088 ಕಿಲೋ ಇಂಗಾಲದ ಡೈಆಕ್ಸೈಡಿಗೆ ಸಮ, ಅಂದರೆ ಮುಕ್ಕಾಲು ಸಾವಿರ ಲೀಟರಿಗೂ ಹೆಚ್ಚು ಡೀಸೆಲ್. ಪ್ರತಿವರ್ಷ ಅನಿಲ ತುಂಬಿಸುತ್ತಿದ್ದರೆ ಅದು ಸರ್ವಿಸ್ ಅಲ್ಲ, ಸೋರಿಕೆ.

ಮಕ್ಕಳ ಓಡಾಟದ ಲೆಕ್ಕ ಸಾಮಾನ್ಯವಾಗಿ ದೊಡ್ಡದು, ತಪ್ಪುವುದೂ ಅಲ್ಲೇ. ತರಗತಿಯಲ್ಲಿ ಒಂದು ದಿನ ಕೈಯೆತ್ತಿಸಿ ಬರೆದುಕೊಂಡರೆ ಸಾಲದು. ಮಳೆ ಬಂದ ದಿನ ಕಾರುಗಳು ಹೆಚ್ಚುತ್ತವೆ, ಹಾಗಾಗಿ ಒಂದು ವಾರ ಪೂರ್ತಿ, ಎರಡು ಬೇರೆ ಋತುಗಳಲ್ಲಿ ಕೇಳಿ. ಮನೆಯಿಂದ ದೂರ ಎಷ್ಟು, ಯಾವ ವಾಹನ, ಅದರಲ್ಲಿ ಎಷ್ಟು ಮಂದಿ, ಬಿಟ್ಟವರು ಅಲ್ಲಿಂದ ಕೆಲಸಕ್ಕೆ ಹೋಗುತ್ತಾರೋ ಮನೆಗೆ ಮರಳುತ್ತಾರೋ. ಕೊನೆಯ ಪ್ರಶ್ನೆಯನ್ನು ಬಿಡಲೇಬೇಡಿ. 6 ಕಿಲೋಮೀಟರ್ ದೂರದ ಮಗುವನ್ನು ಬೆಳಗ್ಗೆ ಬಿಟ್ಟು ಕಾರು ಖಾಲಿ ಮರಳಿ, ಸಂಜೆ ಮತ್ತೆ ಖಾಲಿ ಬಂದು ಕರೆದೊಯ್ದರೆ ದಿನಕ್ಕೆ 12 ಅಲ್ಲ, 24 ಕಿಲೋಮೀಟರ್. ಲೀಟರಿಗೆ 15 ಕಿಲೋಮೀಟರ್ ಓಡುವ ಪೆಟ್ರೋಲ್ ಕಾರಿಗೆ ಅದು 1.6 ಲೀಟರ್, 3.7 ಕಿಲೋ. 200 ಶಾಲಾದಿನಕ್ಕೆ ಒಂದೇ ಮಗುವಿನ ಲೆಕ್ಕ 740 ಕಿಲೋ. ಅದೇ ದಾರಿಯ ಮೂರು ಮಕ್ಕಳು ಒಂದೇ ಕಾರಿನಲ್ಲಿ ಬಂದರೆ ತಲಾ ಸುಮಾರು 250. ದೂರದ ಪಟ್ಟಿಯನ್ನು ನಕ್ಷೆಯ ಮೇಲೆ ಗುರುತಿಸಿದರೆ ಯಾರನ್ನು ಯಾರ ಜೊತೆ ಸೇರಿಸಬಹುದು, ಬಸ್ಸಿನ ಯಾವ ಸುತ್ತು ವ್ಯರ್ಥ ಎಂಬುದು ಕಣ್ಣಿಗೇ ಕಾಣುತ್ತದೆ. ಒಂದೂವರೆ ಕಿಲೋಮೀಟರಿನೊಳಗಿನ ಮಕ್ಕಳು ನಡೆದು ಬರಲು ರಸ್ತೆ ದಾಟುವ ಒಂದು ಜಾಗ ಸುರಕ್ಷಿತವಾದರೆ ಸಾಕಾಗಬಹುದು.

ಈಗ ತಗ್ಗಿಸುವುದು. ನಾನಾದರೆ ಖರ್ಚಿಲ್ಲದ ಕೆಲಸದಿಂದಲೇ ಶುರು ಮಾಡುತ್ತೇನೆ: ರಾತ್ರಿಯ ರೀಡಿಂಗ್. ಕೊನೆಯವರು ಹೊರಟಾಗ ಒಮ್ಮೆ, ಬೆಳಗ್ಗೆ ಬಾಗಿಲು ತೆರೆದ ಕೂಡಲೇ ಒಮ್ಮೆ ಮೀಟರ್ ನೋಡಿ. ಸಂಜೆ 6ರಿಂದ ಬೆಳಗ್ಗೆ 7ರವರೆಗೆ 19.5 ಯೂನಿಟ್ ಓಡಿದ್ದರೆ, ಯಾರೂ ಇಲ್ಲದ ಕಟ್ಟಡ ಎಡೆಬಿಡದೆ 1.5 ಕಿಲೋವ್ಯಾಟ್ ತಿನ್ನುತ್ತಿದೆ ಎಂದರ್ಥ. ವರ್ಷಕ್ಕೆ 8,760 ಗಂಟೆ, ಶಾಲೆ ನಡೆಯುವುದು ದಿನಕ್ಕೆ 8 ಗಂಟೆಯಂತೆ 1,600. ಉಳಿದ 7,160 ಗಂಟೆಗೆ ಅದು 10,740 ಯೂನಿಟ್.

ತಿನ್ನುತ್ತಿರುವುದು ಯಾವುದು ಎಂದು ಕಂಡುಹಿಡಿಯಲು ಉಪಕರಣ ಬೇಕಿಲ್ಲ. ಮೀಟರಿನ ಮುಂಭಾಗದಲ್ಲಿ ಮಿನುಗುವ ಕೆಂಪು ದೀಪದ ಪಕ್ಕ ಯೂನಿಟಿಗೆ 3200 ಮಿನುಗು ಎಂಬಂಥ ಸಂಖ್ಯೆ ಇರುತ್ತದೆ. ಹಾಗಿದ್ದಲ್ಲಿ ನಿಮಿಷಕ್ಕೆ 80 ಸಲ ಮಿನುಗಿದರೆ 1.5 ಕಿಲೋವ್ಯಾಟ್ (ಗುಣಕವಿದ್ದರೆ ಇದನ್ನೂ ಗುಣಿಸಿ). ಎಲೆಕ್ಟ್ರಿಷಿಯನ್ ಜೊತೆ ನಿಂತು ಎಂಸಿಬಿಗಳನ್ನು (ಒಂದೊಂದು ಲೈನಿಗೂ ಇರುವ ಸುರಕ್ಷಾ ಸ್ವಿಚ್ಚು) ಒಂದೊಂದಾಗಿ ಇಳಿಸುತ್ತ ಎಣಿಸಿ. ಯಾವುದನ್ನು ಇಳಿಸಿದಾಗ ಮಿನುಗು ನಿಧಾನವಾಯಿತೋ ಅದರ ಹಿಂದೆಯೇ ಕಳ್ಳ ಇದ್ದಾನೆ. ಹೆಚ್ಚಾಗಿ ವಾಟರ್ ಕೂಲರ್, ಕಂಪ್ಯೂಟರ್ ಲ್ಯಾಬಿನ ಯುಪಿಎಸ್, ಹಗಲಲ್ಲೂ ಉರಿಯುವ ಹೊರದೀಪ, ಟ್ಯಾಂಕ್ ತುಂಬಿ ಹರಿದರೂ ನಿಲ್ಲದ ಪಂಪು. ಟೈಮರ್ ಸ್ವಿಚ್ಚು, ಫ್ಲೋಟ್ ಸ್ವಿಚ್ಚು ಹಾಕಿದರೆ ಮುಗಿಯಿತು. ಬೆಂಕಿ ಎಚ್ಚರಿಕೆ ಗಂಟೆಯ ಲೈನನ್ನು ಮಾತ್ರ ಮುಟ್ಟಬೇಡಿ.

ಆಮೇಲೆ ಫ್ಯಾನು. ಹಳೆಯ ಸೀಲಿಂಗ್ ಫ್ಯಾನ್ ಸುಮಾರು 75 ವ್ಯಾಟ್, ಕಡಿಮೆ ವಿದ್ಯುತ್ ಬಳಸುವ ಹೊಸ ಬಗೆಯ ಮೋಟಾರಿನ ಬಿಎಲ್‌ಡಿಸಿ ಫ್ಯಾನ್ 30ರ ಆಸುಪಾಸು. ಹೆಚ್ಚು ಹೊತ್ತು ತಿರುಗುವ ತರಗತಿಗಳಲ್ಲಿ ಮೊದಲು ಬದಲಿಸಿ, ಉಗ್ರಾಣದ್ದು ಹಾಗೇ ಇರಲಿ. ಜನರೇಟರಿಗೆ ಹೊರೆ ತೀರ ಕಡಿಮೆಯಾದರೆ ಡೀಸೆಲ್ ಪೂರ್ತಿ ಉರಿಯದೆ ಹೊಗೆಯೂ ಹೆಚ್ಚು, ಯೂನಿಟಿಗೆ ಖರ್ಚಾಗುವ ಎಣ್ಣೆಯೂ ಹೆಚ್ಚು. ನಾಲ್ಕು ದೀಪಕ್ಕಾಗಿ ದೊಡ್ಡ ಜನರೇಟರ್ ಓಡಿಸುವ ಬದಲು ಸಣ್ಣ ಇನ್ವರ್ಟರ್ ಇಡಿ.

ಸೌರಫಲಕ ಶಾಲೆಗೆ ಹೇಳಿಮಾಡಿಸಿದ್ದು, ಬಿಸಿಲೂ ಬಳಕೆಯೂ ಹಗಲಿನಲ್ಲೇ. ಆದರೆ ರಜೆಯಲ್ಲಿ ಉತ್ಪಾದನೆ ಎಲ್ಲಿಗೆ ಹೋಗುತ್ತದೆ ಎಂದು ಮೊದಲೇ ವಿಚಾರಿಸಿ, ರಾತ್ರಿಯ ಸೋರಿಕೆ ನಿಲ್ಲಿಸಿದ ಮೇಲೆಯೇ ಗಾತ್ರ ನಿರ್ಧರಿಸಿ. ಲೆಕ್ಕದಲ್ಲಿ ಇನ್ನೊಂದು ಎಚ್ಚರ: ಸ್ವಂತಕ್ಕೆ ಬಳಸಿದ ಸೌರ ವಿದ್ಯುತ್ತು ಆಗಲೇ ಬಿಲ್ಲಿನ ಯೂನಿಟ್ಟನ್ನು ತಗ್ಗಿಸಿರುತ್ತದೆ, ಅದನ್ನು ಮತ್ತೆ ಕಳೆದರೆ ಒಂದೇ ಉಳಿತಾಯವನ್ನು ಎರಡು ಸಲ ಎಣಿಸಿದಂತೆ. ಗಿಡಗಳನ್ನೂ ಒಟ್ಟು ಮೊತ್ತದಿಂದ ಕಳೆಯಬೇಡಿ. ಸಸಿ ಮೊದಲ ವರ್ಷಗಳಲ್ಲಿ ಹೀರುವುದು ತೀರ ಅಲ್ಪ, ಎಷ್ಟೋ ಸಸಿಗಳು ಬದುಕುವುದೂ ಇಲ್ಲ. ಬೇರೆ ಸಾಲಿನಲ್ಲಿ, ಬದುಕಿರುವ ಗಿಡಗಳ ಸಂಖ್ಯೆಯಾಗಿ ಬರೆಯಿರಿ.

ಎರಡನೇ ವರ್ಷ ಹೋಲಿಸುವಾಗ ಒಟ್ಟು ಮೊತ್ತದ ಜೊತೆ ಪ್ರತಿ ಮಗುವಿಗೆ ಎಷ್ಟು ಎಂಬುದನ್ನೂ ನೋಡಿ. ವಿದ್ಯುತ್ ಜಾಲದ ಅಂಕಿ ವರ್ಷದಿಂದ ವರ್ಷಕ್ಕೆ ಬದಲಾಗುವುದರಿಂದ ಹೊಸ ಯೂನಿಟ್ಟುಗಳನ್ನು ಹಳೆಯ ಅಂಕಿಯಿಂದಲೂ ಒಮ್ಮೆ ಗುಣಿಸಿ. ಆಗ ಇಳಿದದ್ದರಲ್ಲಿ ಶಾಲೆಯ ಕೆಲಸ ಎಷ್ಟು, ವಿದ್ಯುತ್ ಜಾಲದ್ದು ಎಷ್ಟು ಎಂದು ಬೇರೆಬೇರೆಯಾಗಿ ಸಿಗುತ್ತದೆ.