ಅಪ್ಪಯ್ಯನ ಅಪ್ಪೆಮರ: ಒಂದು ಆಪ್ತಸಲಹೆ ಪ್ರಕರಣ

(ಮನೆಯವರ ಒಪ್ಪಿಗೆ ಪಡೆದು ಬರೆದಿದ್ದೇನೆ. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.)

ಬಂದವರು ಶಿರಸಿ ಕಡೆಯ ಅಡಿಕೆ ತೋಟದ ಮನೆಯ ಮಗ. ಕೆಲಸ ಬೆಂಗಳೂರಿನಲ್ಲಿ. ದೀಪಾವಳಿಗೆ ಊರಿಗೆ ಬಂದವರು ನನ್ನ ಹತ್ತಿರವೂ ಬಂದರು. 'ತೊಂದರೆ ನಂದಲ್ಲ ಮೇಡಂ, ಅಪ್ಪಯ್ಯಂದು' ಎಂದರು. ಕೇಳ್ತಾ ಹೋದರೆ ತೊಂದರೆ ಪೂರ್ತಿ ಇವರದೇ.

ಎಪ್ಪತ್ತು ದಾಟಿದ ಅಪ್ಪಯ್ಯನಿಗೆ ಒಂದು ಹುಚ್ಚು. ಅವರ ಅಮ್ಮ ಉಪ್ಪಿನಕಾಯಿ ಹಾಕುತ್ತಿದ್ದ ಅಪ್ಪೆಮಿಡಿಯ, ಅಂದರೆ ಘಮದ ಮಾವಿನ ಮಿಡಿಯ, ಮರ ಅಘನಾಶಿನಿ ಹೊಳೆಯ ದಂಡೆಯಲ್ಲಿ ಎಲ್ಲೋ ಇತ್ತು. ಕೊಯ್ದು ತರುತ್ತಿದ್ದ ಆಳು ತೀರಿಕೊಂಡ ಮೇಲೆ ಜಾಗ ಯಾರಿಗೂ ಗೊತ್ತಿಲ್ಲ. ಪ್ರತಿ ಬೇಸಿಗೆ ಇವರು ಹೊಳೆಬದಿ ಅಲೆಯುತ್ತಿದ್ದರು. ಮಿಡಿಯ ತೊಟ್ಟು ಮುರಿಯುವುದು, ಸೊನೆ ಮೂಸುವುದು, ಕಣ್ಣು ಮುಚ್ಚಿ ಇನ್ನೊಮ್ಮೆ ಮೂಸುವುದು. 'ಜೀರಿಗೆ ವಾಸನೆ ಇದ್ದು, ಕರ್ಪೂರದ್ದು ಇಲ್ಲೆ. ಇದಲ್ಲ' ಎಂದು ಮುಂದಿನ ಮರಕ್ಕೆ ಹೋಗುವುದು.

ಹೆಂಡತಿ ಹೋದ ಮೇಲೆ ಅಲೆದಾಟ ನಿಂತಿತು, ಮಾತೂ ಕಡಿಮೆಯಾಯಿತು. ಮಗನಿಗೆ ನೋಡಲಾಗಲಿಲ್ಲ. ಮಳೆಗಾಲದಲ್ಲಿ, ಮರದಲ್ಲಿ ಮಿಡಿ ಇಲ್ಲದ ಹೊತ್ತು ನೋಡಿ, ಒಬ್ಬ ಕೆಲಸದವನಿಗೆ ದುಡ್ಡು ಕೊಟ್ಟು ಯಾವುದೋ ಅಪ್ಪೆಮರದ ಕೆಳಗೆ ನಿಲ್ಲಿಸಿದರು. 'ನಮ್ಮಜ್ಜ ನಿಮ್ಮನೆಗೆ ಕೊಯ್ತಿದ್ದಿದ್ದು ಇದೇ ಮರ' ಎಂದು ಅವನು ಹೇಳಿದ. ಅಪ್ಪಯ್ಯ ಮತ್ತೆ ಮನುಷ್ಯರಾದರು. ಅದೇ ಮಳೆಗೆ ಕಸಿ ಕಟ್ಟಿಸಿ, ಅಮ್ಮನ ಹೆಸರಿಟ್ಟು, ನೆಂಟರಿಗೆಲ್ಲ ಗಿಡ ಹಂಚಲು ಶುರುಮಾಡಿದರು.

ಮಗನ ಹತ್ತಿರ ವಾದ ತಯಾರಿತ್ತು. ಅಮೆರಿಕದ ತತ್ವಶಾಸ್ತ್ರಜ್ಞ ರಾಬರ್ಟ್ ನೋಜಿಕ್ 1974ರಲ್ಲಿ ಕೇಳಿದ ಪ್ರಶ್ನೆ ಅವರಿಗೆ ಗೊತ್ತು: ಬೇಕಾದ ಅನುಭವವೆಲ್ಲ ಕೊಡುವ ಯಂತ್ರಕ್ಕೆ ಜೀವನಪೂರ್ತಿ ತಗಲಿಸಿಕೊಳ್ತೀರಾ? ಬೇಡ ಎನ್ನುವವರೇ ಜಾಸ್ತಿ ಎಂದು ನೋಜಿಕ್ ನಂಬಿದ್ದರು. 2010ರಲ್ಲಿ ಇನ್ನೊಬ್ಬ ತತ್ವಶಾಸ್ತ್ರಜ್ಞ ಫೆಲಿಪೆ ಡಿ ಬ್ರಿಗಾರ್ಡ್ ಅದನ್ನೇ ತಿರುವಿ ಕೇಳಿದರು: ನೀವು ಈಗಾಗಲೇ ಯಂತ್ರದಲ್ಲಿದ್ದೀರಿ, ಹೊರಗೆ ಬರ್ತೀರಾ? ಇಲ್ಲೇ ಇರ್ತೀವಿ ಎಂದವರು ಬಹಳ ಜನ. 'ನೋಡಿ ಮೇಡಂ, ಖುಷಿಯಲ್ಲಿ ಇರುವವರನ್ನ ಯಾಕೆ ಎಬ್ಬಿಸಬೇಕು?'

ಒಳ್ಳೆಯ ವಾದವೇ. ಆದರೆ ಆ ಜನರನ್ನು ಕೇಳಿದ್ದರು, ಅಲ್ವಾ? ಅಪ್ಪಯ್ಯನನ್ನು ಯಾರೂ ಕೇಳಲಿಲ್ಲ.

ಇನ್ನೊಂದು ವಿಷಯ ತೋಟದ ಮನೆಯವರಿಗೆ ನಾನು ಹೇಳಬೇಕಿರಲಿಲ್ಲ. ಬೀಜದಿಂದ ಎದ್ದ ಮಾವು ಸಾಮಾನ್ಯವಾಗಿ ತಾಯಿಮರದಂತೆಯೇ ಇರುವುದಿಲ್ಲ. ಹೊಳೆದಂಡೆಯ ಒಂದೊಂದು ಅಪ್ಪೆಮರವೂ ಒಂದೊಂದು ಜಾತಿ. ಅನಂತಭಟ್ಟನ ಅಪ್ಪೆಯಂಥ ಹೆಸರಾದ ತಳಿಗಳು ಉಳಿದಿರುವುದು ಯಾರೋ ಕಸಿ ಕಟ್ಟಿದ್ದಕ್ಕೆ. ಅಪ್ಪಯ್ಯನ ಅಮ್ಮನ ಆ ಮರ ಇನ್ನೂ ಎಲ್ಲೋ ನಿಂತಿದ್ದರೂ ಈಗ ಅದನ್ನು ಹುಡುಕುವವರಿಲ್ಲ. ಸಿಕ್ಕಿದೆ ಎಂದೇ ಲೆಕ್ಕ. ಹಂಚಿದ ಗಿಡಗಳು ನಾಲ್ಕೈದು ವರ್ಷಕ್ಕೆ ಕಾಯಿ ಬಿಟ್ಟಾಗ ಸೊನೆ ಸುಳ್ಳು ಹೇಳುವುದಿಲ್ಲ. ಅದಕ್ಕೂ ಮೊದಲೇ, ಬರುವ ಬೇಸಿಗೆಯಲ್ಲಿ ಮಗ ತೋರಿಸಿದ ಮರದ ಮಿಡಿಯನ್ನೇ ಅಪ್ಪಯ್ಯ ಮೂಸಬಹುದು.

ನಾನು ಕೊಟ್ಟ ಸಲಹೆ: ಮಿಡಿ ಬಿಡುವ ಮೊದಲೇ ನೀವೇ ಹೇಳಿ. ಒಬ್ಬರೇ ಇದ್ದಾಗ ಹೇಳಿ, ನೆಂಟರ ಮುಂದೆ ಬೇಡ. 'ನಿಮ್ಮ ಒಳ್ಳೇದಕ್ಕೆ' ಎಂಬ ಮಾತು ಎತ್ತಲೇಬೇಡಿ. ಕೆಲಸದವನ ಮೇಲೆ ಹಾಕಬೇಡಿ. ಹೇಳಿ ಅದೇ ಸಂಜೆ ಬೆಂಗಳೂರು ಬಸ್ ಹತ್ತಬೇಡಿ, ರಜೆ ಹಾಕಿ ಉಳಿಯಿರಿ.

ಅಪ್ಪಯ್ಯನಿಗೆ ಮರೆವಿನ ಕಾಯಿಲೆ ಇದ್ದಿದ್ದರೆ ಸುಮ್ನೆ ಇದ್ದುಬಿಡಿ ಎನ್ನುತ್ತಿದ್ದೆ. ಅಂಥವರಿಗೆ ಹೇಳಿದ ಸತ್ಯ ಮರೆತುಹೋಗಿ ನೋವಷ್ಟೇ ಉಳಿಯಬಹುದು. ಇವರು ಸೊಸೈಟಿ ಲೆಕ್ಕವನ್ನು ಪೈಸೆ ಬಿಡದೆ ನೋಡುವ ಮನುಷ್ಯ.

ಹೇಳಿದರು. ಅಪ್ಪಯ್ಯ ಎರಡು ವಾರ ಮಗನ ಹತ್ತಿರ ಮಾತಾಡಲಿಲ್ಲ. ಆಮೇಲೆ ಗಿಡ ಒಯ್ದವರಿಗೆಲ್ಲ ಫೋನ್ ಮಾಡಿ, 'ಗಿಡ ಚಲೋದೇ, ಹೆಸರು ಮಾತ್ರ ತೆಗೀರಿ' ಎಂದರಂತೆ. ಮಾರ್ಚಿನಲ್ಲಿ ಮಗನನ್ನೂ ಕರೆದುಕೊಂಡು ಹೊಳೆಗೆ ಇಳಿದರು. ಮರ ಸಿಕ್ಕಿಲ್ಲ.

'ಆಗಿನಷ್ಟು ಖುಷಿ ಈಗಿಲ್ಲ ಮೇಡಂ' ಎಂದು ಮಗ ಫೋನಿನಲ್ಲಿ ಹೇಳಿದರು. ಇಲ್ಲ ಎಂಬುದನ್ನು ಒಪ್ಪಿದೆ. ಊಟ, ನಿದ್ದೆ ಹೇಗಿದೆ ಎಂದು ಕೇಳಿದೆ. ಸರಿಯಿದೆಯಂತೆ. ಅವೆರಡು ತಪ್ಪಿದರೆ ಮಾತ್ರ ತಡಮಾಡದೆ ಕರೆದುಕೊಂಡು ಬನ್ನಿ ಎಂದಿದ್ದೇನೆ.